ಮುಂದಿನ ಸಾಲಿನಲ್ಲಿ ಒಂದು ಗಾಡಿ ಯಾಕೆ ಕಡಿಮೆ?

ಮುಳಬಾಗಿಲು ಹತ್ತಿರ ಹೈವೇ ಪಕ್ಕದ ಟೀ ಅಂಗಡಿಯಲ್ಲಿ ನಮ್ಮನ್ನು ಕೇಳುವ ಮೊದಲ ಪ್ರಶ್ನೆ ಯಾವತ್ತೂ ಒಂದೇ: "ಯಾವ ಪಾರ್ಟಿ ಸಾರ್?" ಹದಿನೈದು ಇಪ್ಪತ್ತು ಬೈಕ್ ಸಾಲಾಗಿ ಬಂದರೆ ನಮ್ಮ ಕಡೆ ಜನಕ್ಕೆ ಹೊಳೆಯುವುದು ಎರಡೇ. ಒಂದು ಎಲೆಕ್ಷನ್ ರ‍್ಯಾಲಿ, ಇನ್ನೊಂದು ಬೆಂಗಳೂರಿಂದ ವೀಕೆಂಡ್‌ಗೆ ಬಂದ ಹುಡುಗರು. ಹೋದ ಸಲ ನಾವು ಬಾಯಿ ಬಿಡುವ ಮೊದಲೇ ಅಂಗಡಿಯವರೇ ಉತ್ತರ ಕೊಟ್ಟರು: "ಪಾರ್ಟಿಯೋರಲ್ಲ ಬಿಡ್ರಪ್ಪ, ಎಲ್ರೂ ಹೆಲ್ಮೆಟ್ ಹಾಕವ್ರೆ."

ನಾವು ಮಾಜಿ ಸೈನಿಕರು. ಕೋಲಾರ, ಮಾಲೂರು, ಬಂಗಾರಪೇಟೆ ಕಡೆಯವರು, ಚಿಂತಾಮಣಿಯಿಂದಲೂ ಮೂವರು ಬರುತ್ತಾರೆ. ಗುಂಪಿಗೆ ದೊಡ್ಡ ಹೆಸರಿಲ್ಲ. ಒಂದು ವಾಟ್ಸಾಪ್ ಗ್ರೂಪ್ ಇದೆ, ಒಂದು ಲೆಕ್ಕದ ಪುಸ್ತಕ ಇದೆ, ಅಷ್ಟೇ. ಹಾಗಂತ ಸುಮ್ನೆ ಗಾಡಿ ಓಡಿಸುವ ಗುಂಪೂ ಅಲ್ಲ. ತೀರಿಕೊಂಡ ಜೊತೆಗಾರರನ್ನು ನೆನೆಯುವುದಕ್ಕೆ ಬೈಕ್ ಯಾಕೆ ಬೇಕು, ಸಾಲು ಯಾಕೆ, ಊರು ಬಂದ ತಕ್ಷಣ ಮುಂದಿನ ಸಾಲಿನ ಎಡಗಡೆ ಜಾಗ ಯಾಕೆ ಖಾಲಿ ಬಿಡುತ್ತೀರಿ ಅಂತ ತುಂಬ ಜನ ಕೇಳುತ್ತಾರೆ. ಒಂದು ಟೀ ಮುಗಿಯುವಷ್ಟರಲ್ಲಿ ಹೇಳಿ ಮುಗಿಯುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ವಯಸ್ಸಿನ ವಿಷಯ. "ರಿಟೈರ್ ಆಗಿದೀನಿ ಅಂತೀರಾ, ತಲೆ ಇನ್ನೂ ಕಪ್ಪಗೇ ಇದೆಯಲ್ಲ" ಅನ್ನುತ್ತಾರೆ. ಜವಾನ ಹದಿನೆಂಟು ಹತ್ತೊಂಬತ್ತಕ್ಕೆ ಸೇರುತ್ತಾನೆ. 15 ವರ್ಷ ಸರ್ವೀಸ್ ಆದರೆ ಪೆನ್ಷನ್‌ಗೆ ಅರ್ಹ. ನಾನು 17 ವರ್ಷ ಮುಗಿಸಿ ಮನೆಗೆ ಬಂದಾಗ 36. (2022ರಿಂದ ಅಗ್ನಿವೀರರಾಗಿ ಸೇರುವವರಲ್ಲಿ ಮುಕ್ಕಾಲು ಪಾಲು ಜನ 4 ವರ್ಷಕ್ಕೇ ವಾಪಸ್ ಬರಬೇಕು, ಅವರಿಗೆ ಈ ಪೆನ್ಷನ್ ಇಲ್ಲ, ಅದು ಬೇರೆಯೇ ಕಥೆ.) ಮೂವತ್ತಾರಕ್ಕೆ ಸಿವಿಲ್‌ಗೆ ಬಂದವನು ಏನು ಮಾಡುತ್ತಾನೆ? ಬ್ಯಾಂಕ್ ಗಾರ್ಡ್ ಆಗುತ್ತಾನೆ, ಇಲ್ಲ ನರಸಾಪುರದ ಕಾರ್ಖಾನೆಗಳ ಗೇಟಲ್ಲಿ ನಿಲ್ಲುತ್ತಾನೆ. ಅಲ್ಲಿ ಒಳಗಡೆ ಬೈಕ್ ತಯಾರಾಗುತ್ತದೆ, ಹೊರಗಡೆ ನಮ್ಮವರು ಲಾರಿ ನಂಬರ್ ಬರೆದುಕೊಳ್ಳುತ್ತಿರುತ್ತಾರೆ. ಸಂಬಳ ಪೆನ್ಷನ್ ಸೇರಿ ಬದುಕು ನಡೆಯುತ್ತದೆ, ಅದರಲ್ಲಿ ತಕರಾರಿಲ್ಲ. ಆದರೆ ಹದಿನೇಳು ವರ್ಷ ಒಂದೇ ಬ್ಯಾರಕ್‌ನಲ್ಲಿ ಮಲಗಿ ಎದ್ದವರಿಗೆ ಒಂದು ದಿನ ಪಕ್ಕದ ಮಂಚದಲ್ಲಿ ಯಾರೂ ಇರುವುದಿಲ್ಲ. ಹೆಂಡತಿ ಮಕ್ಕಳಿಗೆ ಕೆಲವು ವಿಷಯ ಹೇಳೋಕೆ ಆಗುವುದಿಲ್ಲ. ಹೇಳಿದರೂ ಅವರು ಹೆದರುತ್ತಾರೆ, ಇಲ್ಲವೇ ಟಿವಿಯಲ್ಲಿ ನೋಡಿದ್ದಕ್ಕೆ ಹೋಲಿಸುತ್ತಾರೆ.

ಸಂಘಗಳು ಇವೆಯಲ್ಲ, ಅಲ್ಲಿಗೆ ಹೋಗಿ ಅಂತೀರಾ? ಇವೆ, ನಾವೂ ಹೋಗುತ್ತೇವೆ. ಆದರೆ ಮೀಟಿಂಗ್‌ನಲ್ಲಿ ಕುರ್ಚಿ ಹಾಕಿದ ತಕ್ಷಣ ರ‍್ಯಾಂಕ್ ಬಂದು ಕೂತುಬಿಡುತ್ತದೆ. ಮುಂದಿನ ಸಾಲು ಆಫೀಸರ್‌ಗಳಿಗೆ, ಅದರ ಹಿಂದೆ ಸುಬೇದಾರ್ ಸಾಬ್‌ಗಳು, ಜವಾನರು ಎಲ್ಲೋ ಕೊನೆಯಲ್ಲಿ ಬೋಂಡಾ ಬರುವ ಬಾಗಿಲ ಹತ್ತಿರ. ಬೈಕ್ ಸಾಲಿನಲ್ಲಿ ಹಾಗಲ್ಲ. ನಮ್ಮ ರೋಡ್ ಕ್ಯಾಪ್ಟನ್, ಅಂದರೆ ಎಲ್ಲರಿಗಿಂತ ಮುಂದೆ ಹೋಗಿ ದಾರಿ ತೋರಿಸುವವನು, ಸರ್ವೀಸ್‌ನಲ್ಲಿ ನಾಯಕ್ ಆಗಿದ್ದವನು, ಸುಬೇದಾರ್‌ಗಿಂತ ಎಷ್ಟೋ ಕೆಳಗಿನ ದರ್ಜೆ. ಅವನ ಹಿಂದೆ ಇಬ್ಬರು ಸುಬೇದಾರ್‌ಗಳು ಬರುತ್ತಾರೆ. ಅವನು ಕೈ ಎತ್ತಿದರೆ ಸಾಬ್‌ಗಳು ಬ್ರೇಕ್ ಹಾಕುತ್ತಾರೆ. ಟೀ ಅಂಗಡಿಯಲ್ಲಿ ಮತ್ತೆ "ಸಾಬ್, ಸಕ್ಕರೆ ಹಾಕ್ಲಾ?" ಅಂತ ಅವನೇ ಕೇಳುತ್ತಾನೆ. ಇನ್ನೊಂದು ಅನುಕೂಲ ಏನಂದರೆ ಗಾಡಿ ಮೇಲೆ ಮಾತಾಡೋಕೆ ಆಗುವುದಿಲ್ಲ. ಜೊತೆಯಲ್ಲಿರಬೇಕು, ಮಾತು ಬೇಡ ಅನ್ನುವವರಿಗೆ ಇದಕ್ಕಿಂತ ಒಳ್ಳೆ ವ್ಯವಸ್ಥೆ ನನಗೆ ಗೊತ್ತಿಲ್ಲ.

ಈ ಪದ್ಧತಿ ಬೆಳೆದಿದ್ದು ಅಮೆರಿಕದಲ್ಲಿ. ಎರಡನೇ ಮಹಾಯುದ್ಧ ಮುಗಿದು ಮನೆಗೆ ಬಂದ ಹುಡುಗರಿಗೆ ಮಿಲಿಟರಿಯ ಹಳೇ ಬೈಕ್‌ಗಳು ಅಗ್ಗಕ್ಕೆ ಸಿಕ್ಕವು, ಅವರು ಗುಂಪು ಕಟ್ಟಿಕೊಂಡರು. ವಿಯೆಟ್ನಾಂ ಯುದ್ಧದ ನಂತರ ಅದಕ್ಕೆ ಬೇರೆ ಅರ್ಥ ಬಂತು. ಆ ಯುದ್ಧದಿಂದ ವಾಪಸ್ ಬಂದವರನ್ನು ಊರಿನವರು ಅಷ್ಟು ಪ್ರೀತಿಯಿಂದ ಕರೆದುಕೊಳ್ಳಲಿಲ್ಲ. ಸೆರೆಸಿಕ್ಕವರು, ಕಾಣೆಯಾದವರು ಎಷ್ಟೋ ಜನ ಲೆಕ್ಕಕ್ಕೇ ಸಿಗಲಿಲ್ಲ. ಅವರ ವಿಷಯ ಮರೆಯಬೇಡಿ ಅಂತ 1988ರಲ್ಲಿ 'ರೋಲಿಂಗ್ ಥಂಡರ್' ಅನ್ನುವ ಗುಂಪು ವಾಷಿಂಗ್ಟನ್‌ಗೆ ಬೈಕ್‌ಗಳಲ್ಲಿ ಹೋಯಿತು. ಅಲ್ಲಿ 58,000ಕ್ಕೂ ಹೆಚ್ಚು ಹೆಸರು ಕೆತ್ತಿದ ಕಪ್ಪು ಕಲ್ಲಿನ ಗೋಡೆ ಇದೆ, 1982ರಲ್ಲಿ ಕಟ್ಟಿದ್ದು. ಮೇ ತಿಂಗಳ ಕೊನೆಯಲ್ಲಿ, ಅಲ್ಲಿನವರು ಯುದ್ಧದಲ್ಲಿ ಸತ್ತವರನ್ನು ನೆನೆಯುವ ರಜೆಗೆ, ಆ ಗೋಡೆ ಇರುವ ಊರಿಗೆ 2019ರವರೆಗೆ ವರ್ಷವೂ ಹೋದರು. ಕೊನೆಕೊನೆಗೆ ಲಕ್ಷಗಟ್ಟಲೆ ಬೈಕ್.

ಅವರ ಜಾಕೆಟ್ ಹಿಂದಿನ ಬಿಲ್ಲೆಗಳಿಗೆ ದೊಡ್ಡ ಶಾಸ್ತ್ರವೇ ಇದೆ. ಮೇಲೆ ಗುಂಪಿನ ಹೆಸರು, ನಡುವೆ ಗುರುತು, ಕೆಳಗೆ ಊರು. ಈ ಮೂರು ತುಂಡು ಹಾಕಿಕೊಂಡರೆ 'ಈ ಊರು ನಮ್ಮದು' ಅಂತ ಹೇಳಿದ ಹಾಗೆ, ಅದಕ್ಕೆ ಜಗಳಗಳೂ ಆಗಿವೆ. ಎಷ್ಟೋ ಮಾಜಿ ಸೈನಿಕರ ಸಂಘಗಳು ಬೇಕಂತಲೇ ಒಂದೇ ತುಂಡಿನ ಬಿಲ್ಲೆ ಹೊಲಿಸುತ್ತವೆ, ನಮಗೆ ಯಾರ ಊರೂ ಬೇಡ ಅಂತ. ನಮ್ಮಲ್ಲಿ ಈ ತಲೆನೋವೇ ಇಲ್ಲ. ಕೋಲಾರ ಯಾರದ್ದು ಅಂತ ಜಗಳ ಆಡೋಕೆ ಎಂಎಲ್ಎಗಳು ಇದ್ದಾರೆ.

ನಮ್ಮಲ್ಲಿ ಬೈಕ್ ಅಂದರೆ ಬುಲೆಟ್. ಇದಕ್ಕೂ ಫೌಜಿಗೂ ನಂಟು ಹಳೆಯದು. 1950ರ ದಶಕದಲ್ಲಿ ಸರ್ಕಾರ ಗಡಿ ಕಾವಲಿಗೆ ಗಟ್ಟಿ ಗಾಡಿ ಹುಡುಕಿ ಇಂಗ್ಲೆಂಡಿನಿಂದ ಬುಲೆಟ್ ತರಿಸಿತು. 1955ರಲ್ಲಿ ಮದ್ರಾಸಿನಲ್ಲೇ ಎನ್‌ಫೀಲ್ಡ್ ಇಂಡಿಯಾ ಕಂಪನಿ ಶುರುವಾಯಿತು. ಸಿಗ್ನಲ್ಸ್‌ನ ಡಿ.ಆರ್., ಅಂದರೆ ಡಿಸ್ಪ್ಯಾಚ್ ರೈಡರ್, ಡಾಕ್ ಚೀಲ ಹೊತ್ತು ಓಡಾಡಿದ್ದು ಇದರಲ್ಲೇ. ಹಳೇ ಬುಲೆಟ್‌ಗೆ ಗೇರ್ ಬಲಗಾಲಿಗೆ, ಬ್ರೇಕ್ ಎಡಗಾಲಿಗೆ. ನಮ್ಮ ಗುಂಪಿನ ಹಿರಿಯರೊಬ್ಬರು ಇವತ್ತಿಗೂ ಹೊಸ ಗಾಡಿಯಲ್ಲಿ ಬ್ರೇಕ್ ಅಂತ ಗೇರ್ ತುಳಿಯುತ್ತಾರೆ. ಅದಕ್ಕೇ ಅವರ ಮುಂದೆ ಹೋಗೋಕೆ ಯಾರಿಗೂ ಇಷ್ಟ ಇಲ್ಲ. ಇನ್ನು ಬೈಕ್ ಮೇಲೆ ಪಿರಮಿಡ್ ಕಟ್ಟುವವರು ನೀವೇನಾ ಅಂತ ಮಕ್ಕಳು ಕೇಳುತ್ತಾರೆ. ಅಲ್ಲಪ್ಪ. ಅವರು ಸೇನೆಯ ಸರಬರಾಜು ದಳ ಎಎಸ್‌ಸಿಯ ಟಾರ್ನೆಡೋಸ್ ತಂಡ, ಬೆಂಗಳೂರಿನವರೇ. 2017ರಲ್ಲಿ ಯಲಹಂಕದಲ್ಲಿ ಒಂದೇ ಬುಲೆಟ್ ಮೇಲೆ 58 ಜನ ಹತ್ತಿ ದಾಖಲೆ ಮಾಡಿದರು. ನಮ್ಮಲ್ಲಿ ಅರ್ಧ ಜನಕ್ಕೆ ಮಂಡಿ ನೋವು, ಒಬ್ಬರು ಹತ್ತುವುದೇ ಕಷ್ಟ.

ಸಾಲು ಹೇಗೆ ಹೋಗುತ್ತದೆ ಅಂತ ನೋಡಿ. ಒಬ್ಬರ ಹಿಂದೆ ಒಬ್ಬರು ನೇರ ಹೋಗುವುದಿಲ್ಲ, ಓರೆಯಾಗಿ ಹೋಗುತ್ತೇವೆ. ರೋಡ್ ಕ್ಯಾಪ್ಟನ್ ಲೇನಿನ ಬಲಭಾಗದಲ್ಲಿ, ಎರಡನೆಯವನು ಸ್ವಲ್ಪ ಹಿಂದೆ ಎಡಭಾಗದಲ್ಲಿ, ಮೂರನೆಯವನು ಮತ್ತೆ ಬಲಕ್ಕೆ. ನಿಮ್ಮ ನೇರ ಮುಂದಿರುವ ಗಾಡಿಗೂ ನಿಮಗೂ ಎರಡು ಸೆಕೆಂಡ್ ಅಂತರ ಇರಬೇಕು. ಮುಂದಿನ ಗಾಡಿ ಒಂದು ಕಂಬ ದಾಟಿದಾಗ ಎಣಿಸೋಕೆ ಶುರು ಮಾಡಿ, ಎರಡು ಮುಗಿಯುವ ಮೊದಲೇ ನೀವೂ ಆ ಕಂಬ ಮುಟ್ಟಿದರೆ ಹತ್ತಿರ ಬಂದುಬಿಟ್ಟಿದ್ದೀರಿ. ಓರೆಯಾಗಿದ್ದರೆ ಗುಂಡಿ ತಪ್ಪಿಸೋಕೆ ಪಕ್ಕದಲ್ಲಿ ಜಾಗ ಇರುತ್ತದೆ, ಸಾಲೂ ಉದ್ದ ಆಗುವುದಿಲ್ಲ. ಕಟ್ಟಕಡೆಯಲ್ಲಿ ಬರುವವನು ಕ್ಲಚ್ ಕೇಬಲ್, ಪ್ಲಗ್, ಪಂಕ್ಚರ್ ಕಿಟ್ ಇಟ್ಟುಕೊಂಡಿರುತ್ತಾನೆ, ಯಾರು ನಿಂತರೂ ಅವನು ನಿಲ್ಲುತ್ತಾನೆ. ನನ್ನ ಪ್ರಕಾರ ಮುಂದಿನವನಿಗಿಂತ ಕಷ್ಟದ ಕೆಲಸ ಅದು. ಕುಡಿದು ಬಂದರೆ ಕೀ ಕಸಿದುಕೊಂಡು ಬಸ್ ಹತ್ತಿಸುತ್ತೇವೆ. ಬೈಕ್‌ಗೆ ತಿರಂಗಾ ಕಟ್ಟುವುದಿಲ್ಲ. ಇದಕ್ಕೆ ಕೆಲವರು ಬೇಜಾರು ಮಾಡಿಕೊಳ್ಳುತ್ತಾರೆ, ಆದರೆ 2002ರ ಧ್ವಜ ಸಂಹಿತೆಯಲ್ಲಿ ಬಾವುಟವನ್ನು ವಾಹನದ ಮೇಲೆ, ಪಕ್ಕಕ್ಕೆ, ಹಿಂದಕ್ಕೆ ಹೊದಿಸಬಾರದು ಅಂತಿದೆ, ಕಾರಿನ ಮೇಲೆ ಹಾರಿಸುವ ಹಕ್ಕೂ ರಾಷ್ಟ್ರಪತಿ, ಪ್ರಧಾನಿ, ಹೀಗೆ ಕೆಲವೇ ಹುದ್ದೆಯವರಿಗೆ. ಮಳೆಯಲ್ಲಿ ನೆಂದು ಸೈಲೆನ್ಸರ್ ಹೊಗೆ ಹಿಡಿದ ಬಾವುಟ ನೋಡೋಕೆ ನನಗಂತೂ ಆಗುವುದಿಲ್ಲ.

ಈಗ ಖಾಲಿ ಜಾಗಕ್ಕೆ ಬರೋಣ. ಇದು ವಾಯುಸೇನೆಗಳಿಂದ ಬಂದ ಪದ್ಧತಿ. ಪೈಲಟ್ ತೀರಿಕೊಂಡಾಗ ವಿಮಾನಗಳು ಗುಂಪಾಗಿ ಹಾರಿ ಬರುತ್ತವೆ, ಅದರಲ್ಲಿ ಒಂದರ ಜಾಗ ಖಾಲಿ ಇರುತ್ತದೆ, ಇಲ್ಲವೇ ಒಂದು ನಡುವೆಯೇ ಸಾಲು ಬಿಟ್ಟು ನೆಟ್ಟಗೆ ಮೇಲಕ್ಕೆ ಹೋಗುತ್ತದೆ. ಕಾಣೆಯಾದವನ ಸಾಲು ಅನ್ನಬಹುದು. ಬೈಕ್‌ನವರು ಅದನ್ನು ನೆಲಕ್ಕೆ ಇಳಿಸಿದರು. ಜೋಡಿ ಜೋಡಿಯಾಗಿ ಹೋಗುತ್ತಾರೆ, ಮುಂದಿನ ಜೋಡಿಯಲ್ಲಿ ಮಾತ್ರ ಒಬ್ಬನೇ. ನಾವು ಇದನ್ನು ಹೈವೇಯಲ್ಲಿ ಮಾಡುವುದಿಲ್ಲ, ಜೋಡಿಯಾಗಿ ಹೋದರೆ ಲಾರಿಯವರಿಗೂ ತೊಂದರೆ, ನಮಗೂ ಅಪಾಯ. ತೀರಿಕೊಂಡವನ ಊರಿನ ರಸ್ತೆಗೆ ತಿರುಗಿದ ಮೇಲೆ, ಕೊನೆಯ ಒಂದು ಕಿಲೋಮೀಟರ್ ಮಾತ್ರ. ಆಗ ರೋಡ್ ಕ್ಯಾಪ್ಟನ್ ಎಡಗೈ ಪಕ್ಕಕ್ಕೆ ಚಾಚುತ್ತಾನೆ, ಹಿಂದಿನವರು ಜೋಡಿ ಆಗುತ್ತಾರೆ, ಅವನ ಎಡಕ್ಕೆ ಯಾರೂ ಬರುವುದಿಲ್ಲ. ಒಂದು ಸಲ ಶ್ರೀನಿವಾಸಪುರ ಕಡೆ ಮಾವಿನ ತೋಪಿನ ನಡುವೆ ಹೀಗೇ ಹೋಗುತ್ತಿದ್ದಾಗ, ಟಿವಿಎಸ್ ಎಕ್ಸೆಲ್ ಮೇಲೆ ಎರಡು ಹಾಲಿನ ಕ್ಯಾನ್ ಕಟ್ಟಿಕೊಂಡ ಯಜಮಾನರೊಬ್ಬರು ಅಡ್ಡ ದಾರಿಯಿಂದ ಬಂದು, ಖಾಲಿ ಇದೆಯಲ್ಲ ಅಂತ ಸೀದಾ ಆ ಜಾಗಕ್ಕೆ ನುಗ್ಗಿದರು. ಅರ್ಧ ಕಿಲೋಮೀಟರ್ ನಮ್ಮ ಕ್ಯಾಪ್ಟನ್ ಪಕ್ಕದಲ್ಲೇ ಬಂದರು, ಗಂಭೀರವಾಗಿ. ಡೇರಿ ಬಂದಾಗ ಕೈ ಎತ್ತಿ ಟಾಟಾ ಮಾಡಿ ತಿರುಗಿಕೊಂಡರು. ಯಾರೂ ಅವರನ್ನು ಓಡಿಸಲಿಲ್ಲ. ಆ ಊರಿನ ಹುಡುಗನ ಜಾಗ ಅದು, ಊರಿನವರೇ ತುಂಬಿದರೆ ತಪ್ಪೇನು?

ಯಾರಿಗೋಸ್ಕರ ಹೋಗುತ್ತೇವೆ ಅನ್ನುವುದನ್ನೂ ಹೇಳಬೇಕು. ಜನ 'ಹುತಾತ್ಮ' ಅನ್ನುತ್ತಾರೆ, ಪ್ರೀತಿಯಿಂದಲೇ. ಆದರೆ ಸೇನೆಯ ಕಾಗದದಲ್ಲಿ ಆ ಪದ ಇಲ್ಲ, ಸರ್ಕಾರ ಸಂಸತ್ತಿನಲ್ಲೂ ಇದನ್ನು ಹೇಳಿದೆ. ಅಲ್ಲಿರುವುದು ಬ್ಯಾಟಲ್ ಕ್ಯಾಶುಯಲ್ಟಿ, ಫಿಸಿಕಲ್ ಕ್ಯಾಶುಯಲ್ಟಿ ಅನ್ನುವ ಎರಡು ಡಬ್ಬಿಗಳು, ಅಂದರೆ ಯುದ್ಧ, ಕಾರ್ಯಾಚರಣೆಯಲ್ಲಿ ಆದದ್ದು ಒಂದು, ಉಳಿದದ್ದು ಇನ್ನೊಂದು. ಕಾರ್ಗಿಲ್‌ನಲ್ಲಿ ಹೋದ 527 ಜನರ ಬಗ್ಗೆ ಎಲ್ಲರಿಗೂ ಗೊತ್ತು, ಜುಲೈ 26ಕ್ಕೆ ಶಾಲೆಗಳಲ್ಲೂ ನೆನೆಯುತ್ತಾರೆ. 2016ರಲ್ಲಿ ಸಿಯಾಚಿನ್‌ನಲ್ಲಿ ಹಿಮದಡಿ ಆರು ದಿನ ಇದ್ದು ಹೊರಬಂದ ಹನುಮಂತಪ್ಪ ಕೊಪ್ಪದ ಅವರಿಗೋಸ್ಕರ ಇಡೀ ಕರ್ನಾಟಕ ಪೂಜೆ ಮಾಡಿತು. ಆದರೆ ನಾನು ನೋಡಿದ ಸಾವು ಯಾವ ಯುದ್ಧದ್ದೂ ಅಲ್ಲ. ನಾನು ಮದ್ರಾಸ್ ಸ್ಯಾಪರ್ಸ್, ಅಂದರೆ ಸೇನೆಯ ಎಂಜಿನಿಯರ್ ದಳ, ಬೆಂಗಳೂರಿನ ಎಂಇಜಿ, 'ತಂಬಿ' ಅಂತ ಕರೆಯುತ್ತಾರಲ್ಲ, ಅದು. 2001ರ ಡಿಸೆಂಬರ್‌ನಲ್ಲಿ ಸಂಸತ್ತಿನ ಮೇಲೆ ದಾಳಿ ಆದ ಮೇಲೆ ಆಪರೇಷನ್ ಪರಾಕ್ರಮ್ ಅಂತ ಇಡೀ ಸೇನೆ ಗಡಿಗೆ ಹೋಯಿತು. ಹತ್ತು ತಿಂಗಳು ಕಾದೆವು, ಯುದ್ಧ ಆಗಲೇ ಇಲ್ಲ. ಗಡಿಯುದ್ದಕ್ಕೂ ಮೈನ್, ಅಂದರೆ ನೆಲಬಾಂಬ್, ಹೂತಿದ್ದೆವು, ಆಮೇಲೆ ಅವನ್ನು ತೆಗೆಯಬೇಕಾಯಿತು. ಹೂಳುವಾಗಲೂ ಹೋದರು, ತೆಗೆಯುವಾಗಲೂ ಹೋದರು. ನನ್ನ ಬ್ಯಾಚಿನವನು, ಇದೇ ಕೋಲಾರ ಜಿಲ್ಲೆಯವನು, ತೆಗೆಯುವಾಗ ಹೋದ. 22 ವರ್ಷ, ಮದುವೆ ಆಗಿರಲಿಲ್ಲ. ಅವನ ಬಗ್ಗೆ ಯಾವ ದಿನಾಚರಣೆಯೂ ಇಲ್ಲ.

ದೆಹಲಿಯಲ್ಲಿ ರಾಷ್ಟ್ರೀಯ ಯುದ್ಧ ಸ್ಮಾರಕ ಆಗಿದ್ದು 2019ರ ಫೆಬ್ರವರಿ 25ಕ್ಕೆ. ಸ್ವಾತಂತ್ರ್ಯ ಬಂದು ಎಪ್ಪತ್ತು ವರ್ಷ ಕಳೆದ ಮೇಲೆ, ಅಲ್ವಾ? ಅಲ್ಲಿಯವರೆಗೆ ಇಂಡಿಯಾ ಗೇಟ್ ಇತ್ತು, ಆದರೆ ಅದರ ಮೇಲಿನ ಹೆಸರುಗಳು ಬ್ರಿಟಿಷರ ಕಾಲದಲ್ಲಿ ಸತ್ತವರದ್ದು. ಹೊಸ ಸ್ಮಾರಕದಲ್ಲಿ ಸುತ್ತುಸುತ್ತಾದ ಗೋಡೆಗಳ ಮೇಲೆ 25,000ಕ್ಕೂ ಹೆಚ್ಚು ಹೆಸರು, ಒಂದೊಂದು ಇಟ್ಟಿಗೆ ಗಾತ್ರದ ಕಲ್ಲಿಗೆ ಒಂದೊಂದು. ಚೆನ್ನಾಗಿದೆ. ಆದರೆ ಇಲ್ಲಿಂದ ದೆಹಲಿಗೆ ಎರಡು ಸಾವಿರ ಕಿಲೋಮೀಟರ್. ಊರಲ್ಲಿ ಏನಿರುತ್ತದೆ? ಶಾಲೆ ಮುಂದೆ ಒಂದು ಕಟ್ಟೆ, ಫ್ಲೆಕ್ಸ್ ಹರಿದ ಒಂದು ಕಮಾನು.

ಹಾಗೆ ನೋಡಿದರೆ ನಮ್ಮ ಜಿಲ್ಲೆಗೆ ಇದು ಹೊಸ ಕೆಲಸವೇ ಅಲ್ಲ. ಕೋಲಾರ ಗಂಗರ ಮೊದಲ ರಾಜಧಾನಿ, ಆಗ ಕುವಲಾಲ ಅನ್ನುತ್ತಿದ್ದರು. ಇಲ್ಲಿ ಕೆರೆ ಏರಿ ಮೇಲೆ, ಹೊಲದ ಬದುವಿನಲ್ಲಿ, ಗುಡಿ ಹಿಂದೆ ವೀರಗಲ್ಲುಗಳು ಸಿಗುತ್ತವೆ. ಶಾಸನಗಳನ್ನು ಸಂಗ್ರಹಿಸಿದ ಬಿ.ಎಲ್. ರೈಸ್ ಸಾಹೇಬರು 1905ರಲ್ಲಿ ತಂದ ಕೋಲಾರ ಜಿಲ್ಲೆಯ ಶಾಸನ ಸಂಪುಟ ತೆಗೆದರೆ, ಊರಿನ ದನ ಹೊಡೆದುಕೊಂಡು ಹೋದವರನ್ನು ಅಡ್ಡಗಟ್ಟಿ ಸತ್ತವರ ಕಥೆ ಮತ್ತೆ ಮತ್ತೆ ಬರುತ್ತದೆ. ತುರುಗೊಳ್ ಅಂತ ಅದಕ್ಕೆ ಹೆಸರು. ಕಲ್ಲನ್ನು ಕೆಳಗಿಂದ ಮೇಲಕ್ಕೆ ಓದಬೇಕು. ಸಾಮಾನ್ಯವಾಗಿ ಕೆಳಗಿನ ಪಟ್ಟಿಯಲ್ಲಿ ಹೋರಾಟ, ನಡುವೆ ಅಪ್ಸರೆಯರು ಅವನನ್ನು ಕರೆದುಕೊಂಡು ಹೋಗುವುದು, ಮೇಲೆ ಶಿವನ ಮುಂದೆ ಅವನು ಕೂತಿರುವುದು, ತುದಿಯಲ್ಲಿ ಸೂರ್ಯ ಚಂದ್ರ. ನನಗೆ ಕಲ್ಲಿಗಿಂತ ಹಿಡಿಸಿದ್ದು ಅದರ ಜೊತೆಗಿದ್ದ ಇನ್ನೊಂದು ವ್ಯವಸ್ಥೆ. ಸತ್ತವನ ಮನೆಯವರಿಗೆ ಭೂಮಿ ಬಿಟ್ಟುಕೊಡುತ್ತಿದ್ದರು. ಅದಕ್ಕೆ ನೆತ್ತರುಗೊಡಗೆ ಅನ್ನುತ್ತಿದ್ದರು, ನೆತ್ತರಿಗೆ ಕೊಟ್ಟ ಕೊಡುಗೆ. ಕಲ್ಲು ನಿಲ್ಲಿಸಿ ಕೈತೊಳೆದುಕೊಂಡರೆ ಆಗುತ್ತಿರಲಿಲ್ಲ, ಮನೆಯವರ ಊಟಕ್ಕೂ ಊರೇ ದಾರಿ ಮಾಡಬೇಕಿತ್ತು.

ನಾವು ಇದನ್ನು ಕಲಿತಿದ್ದು ಒಂದು ತಪ್ಪಿನಿಂದ. ಮೊದಲ ವರ್ಷ ನನ್ನ ಬ್ಯಾಚಿನವನ ಊರಿಗೆ ಇಪ್ಪತ್ತು ಬೈಕ್‌ನಲ್ಲಿ ಹೋದೆವು. ಮುಂಚೆ ಹೇಳಿರಲಿಲ್ಲ, ಅವನ ಅಮ್ಮನಿಗೆ ಖುಷಿ ಆಗಲಿ ಅಂತ. ಬುಲೆಟ್‌ಗಳೆಲ್ಲ ಗುಡುಗುಡು ಅಂತ ಸೀದಾ ಮನೆ ಬಾಗಿಲಿಗೇ. ಪುಷ್ಪಚಕ್ರ ತಂದಿದ್ದೆವು. ಮೆಡಲ್ ಹಾಕಿಕೊಂಡಿದ್ದೆವು. ಲಾಸ್ಟ್ ಪೋಸ್ಟ್, ಅಂದರೆ ತೀರಿಕೊಂಡವರ ಗೌರವಕ್ಕೆ ಊದುವ ರಾಗ, ಬಾರಿಸೋಕೆ ಬ್ಯಾಂಡ್‌ನಲ್ಲಿದ್ದ ಒಬ್ಬರು ಬ್ಯೂಗಲ್ ಕೂಡ ತಂದಿದ್ದರು. (ಅದು ಮೊದಲು ಸಾವಿನ ರಾಗವೇ ಅಲ್ಲ. ಬ್ರಿಟಿಷ್ ಸೇನೆಯಲ್ಲಿ ರಾತ್ರಿ ಕೊನೆಯ ಪಹರೆಯನ್ನೂ ನೋಡಿಯಾಯಿತು, ಇನ್ನು ಮಲಗಿ ಅಂತ ಊದುತ್ತಿದ್ದರು.) ಅಮ್ಮ ಹೊರಗೆ ಬರಲಿಲ್ಲ. ಒಳಗೆ ಮೂಲೆಯಲ್ಲಿ ಕೂತು ನಡುಗುತ್ತಿದ್ದರು. ಪಕ್ಕದ ಮನೆಯವರು ಹೇಳಿದರು: ಅವರ ಬಾಗಿಲಿಗೆ ಅಷ್ಟು ಗಾಡಿ ಒಟ್ಟಿಗೆ ಬಂದಿದ್ದು ಅದಕ್ಕೆ ಮುಂಚೆ ಒಂದೇ ಸಲ, 2002ರಲ್ಲಿ, ಪೆಟ್ಟಿಗೆ ತಂದ ದಿನ.

ಅವತ್ತಿನಿಂದ ಗಾಡಿಗಳು ಶಾಲೆ ಹತ್ತಿರವೇ ನಿಲ್ಲುತ್ತವೆ. ಹಿಂದಿನ ದಿನ ಫೋನ್ ಮಾಡುತ್ತೇವೆ. ಮನೆಗೆ ನಾಲ್ಕೇ ಜನ, ನಡೆದುಕೊಂಡು ಹೋಗುತ್ತೇವೆ, ಮೆಡಲ್ ಜೇಬಲ್ಲಿ. ಅಮ್ಮ ಹಾಕಿಕೊಳ್ಳಬೇಕು ಅಂದರೆ ಮಗನ ಮೆಡಲನ್ನು ಬಲಗಡೆ ಹಾಕಿಕೊಳ್ಳುತ್ತಾರೆ. ಎಡ ಎದೆ ಅದನ್ನು ಗಳಿಸಿದವನಿಗೆ, ಬಲ ಎದೆ ಅವನ ಮನೆಯವರಿಗೆ, ಅದು ಪದ್ಧತಿ. ದಿನವನ್ನೂ ಬದಲಾಯಿಸಿದೆವು. ನಮ್ಮ ಕಾಗದದಲ್ಲಿರುವ ತಾರೀಕು ಅಮ್ಮನಿಗೆ ಲೆಕ್ಕಕ್ಕಿಲ್ಲ. ಅವರು ಎಡೆ ಇಡುವುದು ಮಹಾಲಯ ಅಮಾವಾಸ್ಯೆಗೆ, ಹಾಗಾಗಿ ನಾವೂ ಅವತ್ತೇ ಹೋಗುತ್ತೇವೆ. ಎಡೆಯಲ್ಲಿ ಅವನಿಗೆ ಇಷ್ಟ ಆಗಿದ್ದೆಲ್ಲ ಇರುತ್ತದೆ, ವಡೆ, ಪಾಯಸ, ಕೋಳಿ ಸಾರು. "ರಜೆಗೆ ಬಂದಾಗ ಅದೇನೋ ಬಾಟ್ಲಿ ತರ್ತಿದ್ದ" ಅಂತ ಅಮ್ಮನೇ ಒಂದು ಸಲ ನೆನಪಿಸಿಕೊಂಡರು. ಈಗ ಕ್ಯಾಂಟೀನ್ ಕೋಟಾದಿಂದ ಒಂದು ರಮ್ ಬಾಟ್ಲಿ ನನ್ನ ಬ್ಯಾಗ್‌ನಲ್ಲಿ, ಬಟ್ಟೆ ಸುತ್ತಿಕೊಂಡು, ಸೀಲ್ ಒಡೆಯದೆ ಶ್ರೀನಿವಾಸಪುರದವರೆಗೆ ಹೋಗುತ್ತದೆ. ಕುಡಿಯಬಾರದು ಅನ್ನುವ ಗುಂಪಿನ ನಿಯಮ ಅದಕ್ಕೆ ಮುರಿಯುವುದಿಲ್ಲ, ಅದು ನಮ್ಮದಲ್ಲವಲ್ಲ. ಹೊರಡುವಾಗ ಅಮ್ಮನದ್ದು ಒಂದೇ ಮಾತು, ಅವರ ಮನೆ ತೆಲುಗಿನಲ್ಲಿ: "ಅನ್ನಂ ತಿನೇಸಿ ಪೋಂಡಿ ನಾಯನಾ." ಊಟ ಮಾಡ್ಕೊಂಡು ಹೋಗ್ರಪ್ಪ ಅಂತ.

ಊಟ ಆದ ಮೇಲೆ ನಿಜವಾದ ಕೆಲಸ ಶುರು. ಕಾಗದ. ಸೈನಿಕ ಸತ್ತರೆ ಮನೆಯವರಿಗೆ ಪೆನ್ಷನ್ ಬರುತ್ತದೆ ಅಂತ ಎಲ್ಲರಿಗೂ ಗೊತ್ತು, ಆದರೆ ಅದರಲ್ಲಿ ಮೂರು ಥರ ಇದೆ ಅಂತ ಎಷ್ಟೋ ಮನೆಯವರಿಗೇ ಗೊತ್ತಿರುವುದಿಲ್ಲ. ಸಾವಿಗೂ ಸೇವೆಗೂ ಸಂಬಂಧ ಇಲ್ಲ ಅಂದರೆ ಸಾಮಾನ್ಯ ಕುಟುಂಬ ಪೆನ್ಷನ್, ಕೊನೆಯ ಸಂಬಳದ 30%, ಮೊದಲ ಕೆಲವು ವರ್ಷ ಜಾಸ್ತಿ. ಸೇವೆಯ ಕಾರಣಕ್ಕೇ ಸಾವು ಬಂದಿದ್ದರೆ, ಡ್ಯೂಟಿಯಲ್ಲಿ ಆದ ಅಪಘಾತದ ಹಾಗೆ, ಸ್ಪೆಷಲ್ ಪೆನ್ಷನ್, 60%. ಯುದ್ಧ, ಉಗ್ರರ ಜೊತೆ ಕಾಳಗ, ಕಾರ್ಯಾಚರಣೆಯ ಮೈನ್ ಕೆಲಸ, ಇಂಥದ್ದಾದರೆ ಲಿಬರಲೈಸ್ಡ್ ಪೆನ್ಷನ್, ಹೆಂಡತಿಗೆ ಪೂರ್ತಿ 100%. ಮದುವೆ ಆಗಿಲ್ಲದಿದ್ದರೆ ತಂದೆ ತಾಯಿಗೆ ಬೇರೆ ಲೆಕ್ಕ, ಸ್ವಲ್ಪ ಕಡಿಮೆ. ಯಾವ ಡಬ್ಬಿಗೆ ಹಾಕಿದ್ದಾರೆ ಅನ್ನುವುದು ಪಿಪಿಒ, ಅಂದರೆ ಪೆನ್ಷನ್ ಪೇಮೆಂಟ್ ಆರ್ಡರ್ ಕಾಗದದಲ್ಲಿ ಇರುತ್ತದೆ. ಅದನ್ನು ಓದಿ ನೋಡಿದವರು ಕಡಿಮೆ, ಟ್ರಂಕಿನಲ್ಲಿ ಸೀರೆ ಕೆಳಗೆ ಇಟ್ಟಿರುತ್ತಾರೆ.

ಇನ್ನೊಂದು ಪೀಡೆ ಪಾರ್ಟ್ ಟು ಆರ್ಡರ್. ಸೈನಿಕನ ಮದುವೆ, ಮಗು, ತಂದೆ ತಾಯಿ ಹೆಸರು ಎಲ್ಲ ಅದರಲ್ಲಿ ಏರಬೇಕು. ಇಪ್ಪತ್ತು ವರ್ಷದ ಹಿಂದೆ ಯಾರೋ ಹಿಂದಿ ಗುಮಾಸ್ತ ಕಿವಿಗೆ ಬಿದ್ದ ಹಾಗೆ ಬರೆದ ಹೆಸರು ಒಂದು, ಆಧಾರ್‌ನಲ್ಲಿ ಇನ್ನೊಂದು, ಬ್ಯಾಂಕ್ ಪುಸ್ತಕದಲ್ಲಿ ಮೂರನೆಯದು. ನಮ್ಮ ಕಡೆ ಇನಿಷಿಯಲ್ ಇರುತ್ತದೆ, ಸರ್‌ನೇಮ್ ಇರುವುದಿಲ್ಲ, ಕಂಪ್ಯೂಟರ್ ಒಪ್ಪುವುದಿಲ್ಲ. ಈಗ ಎಲ್ಲ ಸ್ಪರ್ಶ್ ಅನ್ನುವ ಪೋರ್ಟಲ್‌ಗೆ ಹೋಗಿದೆ. ನಮ್ಮಲ್ಲಿ ಹಿಂದೆ ಕ್ಲರ್ಕ್ ಆಗಿದ್ದ ಹವಾಲ್ದಾರ್ ಒಬ್ಬರಿದ್ದಾರೆ, ಬೈಕ್ ಓಡಿಸುವುದು ಅಷ್ಟಕ್ಕಷ್ಟೇ, ಆದರೆ ಅರ್ಜಿ ಬರೆಯುವುದರಲ್ಲಿ ಅವರನ್ನು ಮೀರಿಸುವವರಿಲ್ಲ. ಗುಂಪಿನಲ್ಲಿ ನಿಜವಾದ ಗೌರವ ಅವರಿಗೇ. ಇದುವರೆಗೆ ಹನ್ನೊಂದು ಮನೆಗಳ ಹೆಸರು ಸರಿ ಮಾಡಿಸಿದ್ದಾರೆ, ಲೆಕ್ಕದ ಪುಸ್ತಕದಲ್ಲಿ ಬರೆದಿಟ್ಟಿದ್ದೇವೆ, ಪೆಟ್ರೋಲ್ ಖರ್ಚಿನ ಪಕ್ಕದಲ್ಲೇ.

ಆಮೇಲೆ ಜೀವನ್ ಪ್ರಮಾಣ್. ಪೆನ್ಷನ್ ತಗೊಳ್ಳುವವರು ಬದುಕಿದ್ದಾರೆ ಅಂತ ವರ್ಷಕ್ಕೊಂದು ಸಲ ತೋರಿಸಬೇಕು. ಅಮ್ಮ ಜೀವನ ಪೂರ್ತಿ ಹಿಪ್ಪುನೇರಳೆ ಸೊಪ್ಪು ಕೊಯ್ದು ಹುಳ ಸಾಕಿದವರು, ಬೆರಳ ಗೆರೆಗಳು ಸವೆದುಹೋಗಿವೆ, ಮೆಷಿನ್‌ಗೆ ಹತ್ತುವುದಿಲ್ಲ. ಎರಡು ವರ್ಷ ಬ್ಯಾಂಕಿಗೆ ಅಲೆದಾಡಿದ್ದರು. ಈಗ ಮೊಬೈಲ್‌ನಲ್ಲಿ ಮುಖ ತೋರಿಸಿದರೆ ಸಾಕು, ಆ್ಯಪ್ ಬಂದಿದೆ. ಮುಖ ತೋರಿಸಿ ಕಣ್ಣು ಮಿಟುಕಿಸಬೇಕು, ಫೋಟೋ ಹಿಡಿದು ಮೋಸ ಮಾಡಬಾರದು ಅಂತ. ಹೋದ ವರ್ಷ ಹಜಾರದಲ್ಲಿ ಅಮ್ಮನನ್ನು ಬೆಳಕಿಗೆ ಕೂರಿಸಿ ನಾನು ಫೋನ್ ಹಿಡಿದೆ. ಹಿಂದಿನ ಗೋಡೆಯಲ್ಲಿ ಅವನ ಫೋಟೋ, ಯೂನಿಫಾರ್ಮ್‌ನಲ್ಲಿ. "ಕಣ್ಣು ಮಿಟುಕಿಸಮ್ಮ" ಅಂದೆ. ಅಮ್ಮ ಬಿಟ್ಟ ಕಣ್ಣು ಬಿಟ್ಟ ಹಾಗೇ ಇದ್ದರು, ಎರಡು ಸಲ ಫೇಲ್ ಆಯಿತು. ಮೂರನೇ ಸಲಕ್ಕೆ ಸುಬೇದಾರ್ ಸಾಬ್ ಪಕ್ಕದಲ್ಲಿ ನಿಂತು ತಾವೇ ಕಣ್ಣು ಹೊಡೆದು ತೋರಿಸಿದರು. ಅಮ್ಮ ಸೆರಗು ಬಾಯಿಗೆ ಅಡ್ಡ ಇಟ್ಟುಕೊಂಡು ನಕ್ಕುಬಿಟ್ಟರು, ನಗುವಾಗ ಕಣ್ಣು ಮುಚ್ಚಿತು, ಆ್ಯಪ್ ಒಪ್ಪಿಕೊಂಡಿತು.